ನಾಲ್ಕೂರ ಹೊರಬೀಡು

ಮಂಡಕ್ಕಿ ತಿನ್ನುತ್ತಾ ಕೂತಿದ್ದ ನಾಗವೇಣಿ ತಲೆ ಎತ್ತಿದಾಗ ನಾಲ್ಕೂ ಊರು ಖಾಲಿಯಾಗಿದ್ದವು.

ಗೋಡೆಯಗಲದ ತೆರೆಯ ಮೇಲೆ ಬಸರಿಕಟ್ಟೆ, ತುಪ್ಪದಕುಂಟೆ, ಅಂಕಲಹಟ್ಟಿ, ಕರೇಕಲ್ಲು ಬೀದಿ ಬೀದಿಯಾಗಿ ಬಿಡಿಸಿಕೊಂಡಿದ್ದವು. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಅಲ್ಲಿ ಹಸಿರು ಚುಕ್ಕಿಗಳು ಬೆಲ್ಲ ಕಂಡ ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಒಂದು ಚುಕ್ಕಿ ಎಂದರೆ ಒಬ್ಬ ಮನುಷ್ಯ. ಬೀದಿಗಳ ಕೆಳಗೆ ಹೂತಿದ್ದ ಗಾಜಿನ ಎಳೆ ಒಂದೊಂದು ಹೆಜ್ಜೆಯ ಅದುರನ್ನೂ ಹಿಡಿದು ಕೆರೆ ಏರಿಯ ಮೇಲಿನ ಈ ಕೋಣೆಗೆ ಕಳಿಸುತ್ತಿತ್ತು. ಯಾರದು ಯಾವ ನಡಿಗೆ ಎಂಬುದೂ ಅದಕ್ಕೆ ಗೊತ್ತಿತ್ತು. ಜನ ಅದಕ್ಕೆ ಹೆಜ್ಜೆಗಾವಲು ಎಂದು ಹೆಸರಿಟ್ಟಿದ್ದರು.

ಖಾಲಿಯಾದದ್ದು ಕಂಡು ಅವಳಿಗೆ ಆಶ್ಚರ್ಯವಾಗಲಿಲ್ಲ. ಇವತ್ತು ಹೊರಬೀಡು. ವರ್ಷಕ್ಕೊಂದು ದಿನ ಊರಿಗೆ ಊರೇ ಒಲೆ ಆರಿಸಿ, ಬಾಗಿಲಿಗೆ ಬೀಗ ಜಡಿದು, ದನ ಕುರಿ ಕೋಳಿ ನಾಯಿ ಸಮೇತ ಹೊರಡುತ್ತದೆ. ಹಾಸಿಗೆ ಹಿಡಿದವರನ್ನು ಮಂಚದ ಜೊತೆಗೇ ಹೊತ್ತು ತರುತ್ತಾರೆ. ಊರಬಾಗಿಲಿಗೆ ಕಾರೆಮುಳ್ಳು ಬಡಿಯುತ್ತಾರೆ. ಹೊತ್ತು ಮುಳುಗುವ ತನಕ ಮಾರಮ್ಮ ಖಾಲಿ ಬೀದಿಗಳಲ್ಲಿ ತಿರುಗಿ ರೋಗರುಜಿನ ಗುಡಿಸಿಕೊಂಡು ಹೋಗುತ್ತಾಳೆ. ಆ ಹೊತ್ತಿನಲ್ಲಿ ಒಳಗೆ ಸಿಕ್ಕವರು ಅವಳ ಪಾಲು.

ಕೊನೆಗೆ ಹೊರಟವರು ಕರೇಕಲ್ಲಿನವರು. ಹೆಣ ಎತ್ತುವುದಕ್ಕೂ ತಡ ಮಾಡುವವರು ಎಂದು ಅವರಿಗೆ ಮೊದಲಿನಿಂದಲೂ ಹೆಸರು. ಆ ಊರಿನ ಕೊನೆಯ ಚುಕ್ಕಿಯೂ ಊರಬಾಗಿಲು ದಾಟಿ ಆರಿಹೋಯಿತು. ಹೊರಗೆ ಎಳೆ ಹೂತಿಲ್ಲದ ಕಾರಣ ಯಂತ್ರದ ಪಾಲಿಗೆ ಅವರು ಎಲ್ಲೂ ಇರಲಿಲ್ಲ.

ನಾಗವೇಣಿ ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವುದರೊಳಗೆ ತೆರೆಯ ಅಂಚು ಹಳದಿಯಾಯಿತು.

*

ಬೆಳಿಗ್ಗೆ ಅವಳು ಅಪ್ಪನನ್ನು ಗೇಲಿ ಮಾಡಿಯೇ ಮನೆ ಬಿಟ್ಟಿದ್ದಳು. ಕೆಂಚಪ್ಪ ಹೊಸ ಪಂಚೆ ಉಟ್ಟು, ಗೋಡೆಗೆ ಮೊಳೆ ಹೊಡೆದಿದ್ದ ಅಂಗೈಯಗಲದ ಕನ್ನಡಿಯೊಳಗೆ ಬಗ್ಗಿ ಬಗ್ಗಿ ನೋಡಿಕೊಳ್ಳುತ್ತಿದ್ದ.

"ಎಷ್ಟು ಸಲ ನೋಡ್ಕಂತೀಯಪ್ಪಾ? ಹೆಣ್ಣು ನೋಡೋಕೆ ಹೊಂಟಂಗೈತೆ."

"ಸುಮ್ಕಿರು. ಪಾಲಾಕ್ಷಪ್ಪ ಗೌಡ್ರು ಖುದ್ದು ಮನೆ ತಂಕ ಬಂದು ಕರೆದವ್ರೆ. 'ಕೆಂಚಾ, ಈ ವರ್ಷ ಯಾರೂ ಒಳಗಿರಂಗಿಲ್ಲ. ಕಾಯೋಕೆ ಯಂತ್ರ ಐತೆ. ನೀನೂ ಬಾ, ಎಲ್ರ ಜೊತೆ ಊಟಕ್ಕೆ ಕೂಡು' ಅಂದ್ರು."

"ಬಾಗಿಲ ಹೊರಗೆ ನಿಂತು ಅಂದ್ರು."

"ಹೊರಗೇ ನಿಂತ್ಕಳ್ಳಿ. ಕರೆದ್ರಲ್ಲ."

ಅವರ ಮನೆಯವರು ಬಸರಿಕಟ್ಟೆಯ ತೋಟಿಗಳು. ಹೊರಬೀಡಿನ ದಿನ ಊರು ಕಾಯುವುದು ಅವರ ಪಾಲಿಗೆ ಬಂದ ಕೆಲಸ. ಎಲ್ಲರೂ ಹೋದ ಮೇಲೆ ಬಿಟ್ಟ ಮನೆಗಳಿಗೆ ಕಳ್ಳ ಬೀಳಬಾರದಲ್ಲ. ಒಳಗುಳಿದವರು ಮಾರಮ್ಮನ ಪಾಲಾಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಆಗಲೇಬೇಕಿದ್ದರೆ ಇವರಾಗಲಿ ಎಂಬುದೂ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ನಾಗವೇಣಿ ಶಾಲೆಗೆ ಸೇರಿದ ವರ್ಷ ಅವಳ ಎಳೆಯ ತಮ್ಮ ಹೊರಬೀಡಾದ ವಾರಕ್ಕೆ ಜ್ವರ ಬಂದು ಸತ್ತ. ತಾಯಿ ತನಗೆ ಬೇಕಾದ್ದು ತಗೊಂಡಳು, ಊರು ಉಳಿಯಿತು ಎಂದರು ಜನ. ಅವ್ವ ಆಮೇಲೆ ಬಹಳ ವರ್ಷ ಬದುಕಿದ್ದಳು. ಆದರೆ ಹೊರಬೀಡಿನ ದಿನ ಬೆಳಗಿನಿಂದ ಸಂಜೆವರೆಗೆ ಮಗಳನ್ನು ಮಡಿಲು ಬಿಟ್ಟು ಇಳಿಸುತ್ತಿರಲಿಲ್ಲ.

ಅಪ್ಪ ಕನ್ನಡಿ ಬಿಟ್ಟು ಈಚೆ ಬಂದಾಗ ನಾಗವೇಣಿ ಅವನ ಪಂಚೆಯ ನೆರಿಗೆ ಸರಿ ಮಾಡಿದಳು. ಅವಳಿಗೂ ಒಳಗೊಳಗೆ ಖುಷಿಯಾಗಿತ್ತು. ಆ ಖುಷಿಯಲ್ಲಿ, ಯೋಚಿಸಬೇಕಾದ್ದನ್ನು ಯೋಚಿಸಲಿಲ್ಲ.

*

ಹಳದಿ ಅಂಚಿನ ಕೆಳಗೆ ಅಕ್ಷರಗಳು ಮೂಡಿದವು. 'ನಾಲ್ಕೂ ಊರು ತೆರವು. ಏರಿ ಕುಸಿತದ ಸಂಭವ. ಅರ್ಧ ಗಂಟೆಯಲ್ಲಿ ಕೋಡಿ ಬಾಗಿಲು ತೆರೆಯಲಾಗುವುದು.'

ನಾಗವೇಣಿಯ ಬಾಯೊಳಗಿನ ಮಂಡಕ್ಕಿ ಮೆದ್ದೆಯಾಯಿತು. ಉಳಿದದ್ದನ್ನು ಪಕ್ಕಕ್ಕೆ ತಳ್ಳಿದಳು.

ಈ ಏರ್ಪಾಡು ಅವಳಿಗೆ ಬಾಯಿಪಾಠವಿತ್ತು. ಕೆಲವು ವರ್ಷಗಳ ಹಿಂದೆ, ಜನ ಕಡಿಮೆಯಾದ ಸಣ್ಣ ಊರುಗಳಿಗೆ ಬೇರೆ ಬೇರೆ ಪಂಚಾಯಿತಿ ಇನ್ನಿಲ್ಲ ಎಂದು ಸರ್ಕಾರ ನಾಲ್ಕನ್ನೂ ಸೇರಿಸಿ ಒಂದು ಮಾಡಿತ್ತು. ಹೆಸರಿಡುವುದರಲ್ಲೇ ಹೊಡೆದಾಟವಾಗಿತ್ತು. ಯಾವ ಊರ ಹೆಸರಿಟ್ಟರೂ ಉಳಿದ ಮೂರು ಊರು ಸಭೆ ಬಿಟ್ಟು ಏಳುತ್ತಿದ್ದವು. ಕೊನೆಗೆ ನಾಲ್ಕೂರು ಪಂಚಾಯಿತಿ ಎಂದಾಯಿತು. ಅದೇ ಹೊತ್ತಿಗೆ ಕೆರೆಗೆ ನದಿಯ ನೀರು ಬಂತು. ಹಳೆಯ ಮಣ್ಣಿನ ಏರಿಯನ್ನು ಎತ್ತರಿಸಿದರು. ಏರಿಯ ಕೆಳಗೆ ನಾಲ್ಕೂ ಊರು, ಊರುಗಳ ನಡುವೆ ಒಂದು ಒಣ ಹಳ್ಳ.

ಕೋಡಿ ಬಾಗಿಲಿನ ಕೈಚಕ್ರ ಯಾವ ಊರಿನವರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಮತ್ತೆ ಜಗಳ. ಯಾರ ಕೈಲಿದ್ದರೂ ನೀರು ಕದಿಯುತ್ತಾರೆ ಎಂಬ ಗುಮಾನಿ ಉಳಿದವರಿಗೆ. ಯಾರ ಕೈಲೂ ಬೇಡ ಎಂದು ಠರಾವು ಮಾಡಿ ಚಕ್ರವನ್ನೇ ಕೊಯ್ಯಿಸಿ ಗುಜರಿಗೆ ಹಾಕಿದರು. ಯಂತ್ರವೇ ತೆಗೆಯಲಿ, ಯಂತ್ರವೇ ಮುಚ್ಚಲಿ. ಅದರ ಮಾತು ಮೀರಬೇಕಾದರೆ ಊರಿಗೊಬ್ಬರಂತೆ ನಾಲ್ಕು ಸದಸ್ಯರು ಈ ಕೋಣೆಗೆ ಬಂದು ಹೆಬ್ಬೆರಳು ಒತ್ತಬೇಕು. ಹಳ್ಳದಿಂದ ಇಲ್ಲಿಗೆ ಬರಬೇಕೆಂದರೆ ಏರಿ ಸುತ್ತಬೇಕು. ಬೈಕಿನಲ್ಲಿ ಬಂದರೂ ಮುಕ್ಕಾಲು ಗಂಟೆಯ ದಾರಿ.

ಯಂತ್ರ ಮನುಷ್ಯರ ಕಾಲನ್ನು ನಂಬುವುದಕ್ಕೂ ಕಾರಣವಿತ್ತು. ಏರಿಯೊಳಗಿಟ್ಟ ಮಾಪಕಗಳ ತಂತಿಯನ್ನು ಹೆಗ್ಗಣ ಕಡಿಯುತ್ತಿದ್ದವು. ಬೇರೊಂದು ಸೀಮೆಯಲ್ಲಿ ಏರಿ ಒಡೆದ ದಿನ ಮಾಪಕಗಳು ಎಲ್ಲಾ ಸರಿಯಿದೆ ಎಂದೇ ಹೇಳುತ್ತಿದ್ದವಂತೆ. ಜನ ಮಾತ್ರ ಜಿನುಗು ನೀರು ಕಂಡು ಆಗಲೇ ಗುಡ್ಡ ಹತ್ತಿದ್ದರು. ಹಾಗಾಗಿ ಇಂಜಿನಿಯರುಗಳು ಯಂತ್ರಕ್ಕೆ ಕಲಿಸಿದ್ದು ಇಷ್ಟು: ನಾಲ್ಕೂ ಊರಿನ ಜನ ಒಟ್ಟಿಗೆ ಕಾಲು ಕಿತ್ತರೆ ಏರಿ ಹೋಗುತ್ತಿದೆ ಎಂದೇ ತಿಳಿ. ಒಂದೂರಿನಲ್ಲಿ ನಾಲ್ಕು ಜನಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನು ಖಾಲಿ ಎಂದೇ ಲೆಕ್ಕ ಹಾಕು, ಕುಡುಕರೋ ಕಳ್ಳರೋ ಇರಬಹುದು. ಯಾರೂ ಮರಳದಿದ್ದರೆ, ಏರಿಯ ಮೇಲಿನ ಭಾರ ಇಳಿಯುವಂತೆ ಕೋಡಿಯ ಮೂರೂ ಬಾಗಿಲು ಎತ್ತಿ ಕೆರೆಯನ್ನು ಹಳ್ಳಕ್ಕೆ ಬಿಡು.

ತರಬೇತಿಯಲ್ಲಿ ನಾಗವೇಣಿಯೇ ಎದ್ದು ಹೊರಬೀಡಿನ ವಿಷಯ ಹೇಳಿದ್ದಳು.

"ನಾಲ್ಕೂ ಊರಿನವರು ಒಂದೇ ದಿನ ಹೋಗ್ತಾರಾ?" ಎಂದು ಕೇಳಿದ್ದರು ಇಂಜಿನಿಯರು.

"ಇಲ್ಲ ಸಾರ್. ಒಂದೂರು ಮಾಡಿದ ದಿನ ಇನ್ನೊಂದೂರು ಮಾಡಿದ್ರೆ ಅವಮಾನ ಅಂದ್ಕೋತಾರೆ. ಮತ್ತೆ ಊರೊಳಗೆ ಒಂದು ಮನೆಯವರು ಇದ್ದೇ ಇರ್ತಾರೆ."

"ಯಾರು?"

"ನಮ್ಮಂಥೋರು."

ಹಾಗಾದರೆ ತೊಂದರೆಯಿಲ್ಲ ಎಂದು ಅವರು ಮುಂದಿನ ಪಾಠಕ್ಕೆ ಹೋಗಿದ್ದರು.

ಈ ವರ್ಷ ಪಾಲಾಕ್ಷಪ್ಪ ಅಧ್ಯಕ್ಷನಾದ. ಒಗ್ಗಟ್ಟು ತೋರಿಸಬೇಕು ಎಂದು ನಾಲ್ಕೂರಿಗೂ ಸೇರಿ ಒಂದೇ ಹೊರಬೀಡು ಗೊತ್ತು ಮಾಡಿದ. ಕಾವಲು ಕೂರುತ್ತಿದ್ದ ಮನೆಯವರನ್ನೂ ಊಟಕ್ಕೆ ಕರೆದ. ಎರಡೂ ಒಳ್ಳೆಯ ಕೆಲಸವೇ. ಜಾಗದ ಪ್ರಶ್ನೆ ಬಂದಾಗ ಯಾವ ಊರ ತೋಪಿಗೂ ಉಳಿದವರು ಒಪ್ಪಲಿಲ್ಲ. ಯಾರ ಊರಿಗೂ ಸೇರದ ನೆಲ ಎಂದರೆ ನಾಲ್ಕೂ ಊರಿನ ಗಡಿ ಕೂಡುವ ಆ ಹಳ್ಳ ಒಂದೇ.

ಎಂಟುನೂರು ಜನ ಈಗ ಅದರ ಮರಳಿನ ಮೇಲೆ ಕಲ್ಲು ಹೂಡಿ ಹೋಳಿಗೆ ಬೇಯಿಸುತ್ತಿದ್ದರು.

*

ಮೊದಲು ನಗರದ ಕಚೇರಿಗೆ ಫೋನು ಹಚ್ಚಿದಳು. ಎತ್ತಿಕೊಂಡವನು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ.

"ಇಲ್ಲಿಂದ ನಿಲ್ಲಿಸೋಕೆ ಬರಲ್ಲ ಮೇಡಂ. ನಿಮ್ಮ ಪಂಚಾಯಿತಿಯವರೇ ಹೊರಗಿನವರು ಮುಟ್ಟಬಾರದು ಅಂತ ಬರೆಸಿದಾರೆ. ಅಲ್ಲಾ, ಏರಿ ಗಟ್ಟಿಯಾಗಿದೆ ಅಂತ ನಿಮಗೆ ಖಾತ್ರಿ ಇದೆಯಾ? ಮೂರನೇ ಮಾಪಕ ಸ್ವಲ್ಪ ಏರ್ತಾ ಇರೋ ಹಾಗೆ ಕಾಣ್ತಾ ಇದೆ."

ಅವಳು ನೋಡಿದಳು. ನಿಜವಾಗಿಯೂ ಏರುತ್ತಿತ್ತು. ಹೆಗ್ಗಣವೋ, ನೀರೋ. ಕಿಟಕಿಯಿಂದಾಚೆ ಏರಿ ಎಂದಿನಂತೆ ಮಲಗಿತ್ತು. ಕಲ್ಲಿನ ಮೇಲೊಂದು ಬೆಳ್ಳಕ್ಕಿ ಕೂತಿತ್ತು. ಬೆಳ್ಳಕ್ಕಿಯನ್ನು ನಂಬಿ ಎಂಟುನೂರು ಜನರ ಜೀವದ ತೀರ್ಮಾನ ಮಾಡುವುದು ಹೇಗೆ? ಏರಿ ನಿಜಕ್ಕೂ ಒಡೆಯುವುದಿದ್ದರೂ ಹಳ್ಳದಲ್ಲಿ ಇರುವವರ ಗತಿ ಒಂದೇ ಎಂದುಕೊಂಡು ಫೋನು ಇಟ್ಟಳು. ಆ ಯೋಚನೆಯಿಂದ ಧೈರ್ಯವೇನೂ ಬರಲಿಲ್ಲ.

ಪಾಲಾಕ್ಷಪ್ಪನ ಫೋನು ಬಹಳ ಹೊತ್ತು ಬಡಿದುಕೊಂಡಿತು.

"ಏನವ್ವಾ ವೇಣಿ, ಹೋಳಿಗೆ ವಾಸನೆ ಅಲ್ಲೀ ತಂಕ ಬಂತಾ?"

"ಸಾರ್, ಕೋಡಿ ಬಾಗಿಲು ತೆಗೀತೈತೆ. ಕೆರೆ ನೀರೆಲ್ಲ ನೀವು ಕೂತಿರೋ ಹಳ್ಳಕ್ಕೇ ಬರುತ್ತೆ."

"ಯಾವನು ತೆಗೀತಿರೋನು?"

"ಯಂತ್ರ. ಊರು ಖಾಲಿ ಆಗಿರೋದ್ಕೆ ಏರಿ ಒಡೀತೈತೆ ಅಂದ್ಕಂಡೈತೆ."

"ನಿಲ್ಸು ಮತ್ತೆ. ಸಂಬಳ ಕೊಟ್ಟು ಕೂರ್ಸಿರೋದು ಯಾಕೆ ನಿನ್ನ?"

"ಚಕ್ರ ಕೊಯ್ಸಿದ್ದು ನೀವೇ ಅಲ್ವಾ ಸಾರ್."

ಅವನು ಯಾರಿಗೋ ಪಾತ್ರೆ ಇಳಿಸುವಂತೆ ಕೂಗಿದ. ಮತ್ತೆ ಫೋನಿಗೆ ಬಂದಾಗ ದನಿಯಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ತಮಾಷೆ ಮಾಡ್ತಿದೀಯೇನು ಹುಡ್ಗಿ?"

"ಊರ ಕಡೆಯಿಂದ ಕೂಗೋದು ಕೇಳಿಸ್ತಿಲ್ವಾ ಸಾರ್ ನಿಮ್ಗೆ?"

"ಕೇಳಿಸ್ತೈತೆ. ತಾಯಿ ಬೀದೀಲಿ ಕೂಗಾಡ್ತಾ ತಿರುಗ್ತಾ ಅವ್ಳೆ ಅಂತ ಪೂಜಾರಿ ಓಂಕಾರಪ್ಪ ಅಂದ. ಹೆಂಗಸ್ರೆಲ್ಲ ಆ ಕಡೆಗೆ ತಿರುಗಿ ಅಡ್ಡಬಿದ್ರು."

"ಸಾರ್, ಅದು ಸೈರನ್. ಖಾಲಿ ಊರಲ್ಲಿ ಹೊಡ್ಕಂತಾ ಐತೆ."

ಫೋನಿನಲ್ಲಿ ಮಕ್ಕಳ ಕಿರುಚಾಟ, ಕುರಿಗಳ ಕೂಗು, ಯಾರೋ ಹಾಡಲು ಹೋಗಿ ಮರೆತು ನಕ್ಕದ್ದು ಎಲ್ಲಾ ಒಂದೊಂದಾಗಿ ಕೇಳಿಸಿತು.

"ಮೈಕಲ್ಲಿ ಹೇಳ್ಲಾ?" ಎಂದ. ಪಾಲಾಕ್ಷಪ್ಪನ ನಗು ಈಗ ಹೋಗಿತ್ತು.

ನಾಗವೇಣಿ ಕಣ್ಣು ಮುಚ್ಚಿ ಆ ಜಾಗವನ್ನು ನೆನೆದಳು. ಎರಡೂ ಬದಿಗೆ ಎರಡಾಳೆತ್ತರದ ಮರಳುಮಣ್ಣಿನ ದಡ, ಕೈಯಿಟ್ಟರೆ ಕುಸಿಯುತ್ತದೆ. ಗಾಡಿ ಇಳಿಯುವ ದಾರಿ ಒಂದೇ.

"ಬ್ಯಾಡ ಸಾರ್. ಒಂದೇ ಸಲ ನುಗ್ಗಿದ್ರೆ ತುಳಿದಾಡಿ ಸಾಯ್ತಾರೆ. ಮಕ್ಳು, ಮುದುಕ್ರು, ಮಂಚದ ಮೇಲಿರೋರು, ಅವ್ರನ್ನ ಸದ್ದಿಲ್ದಂಗೆ ಹತ್ತಿಸ್ತಾ ಇರಿ. ಅಷ್ಟ್ರಾಗೆ ಯಾವ್ದಾರೂ ಒಂದೂರೊಳಗೆ ನಾಲ್ಕು ಜನ ಹೋಗಿ ಓಡಾಡ್ಬೇಕು. ಆಗ ನಿಲ್ಲುತ್ತೆ. ಬಸರಿಕಟ್ಟೆನೇ ಹತ್ರ, ದಡ ಹತ್ತಿ ಓಡಿದ್ರೆ ಸಿಕ್ಬಿಡುತ್ತೆ."

"ಊರೊಳಕ್ಕಾ? ಇವತ್ತು?"

"ಹೂಂ ಸಾರ್."

"ಹೊತ್ತು ನೆತ್ತಿ ಮೇಲೈತೆ ಕಣೆ. ತಾಯಿ ಒಳಗವ್ಳೆ."

"ನಾಲ್ಕೇ ಜನ ಸಾರ್."

"ತಡಿ, ನಿಮ್ಮಪ್ಪನ್ನ ಕಳಿಸ್ತೀನಿ." ಎಲ್ಲೋ ಇಟ್ಟು ಮರೆತಿದ್ದ ಗುದ್ದಲಿ ನೆನಪಾದವನ ಹಾಗೆ ಅವನು ಹಗುರಾದ. "ಅವ್ನಿಗೆ ರೂಢಿ ಐತೆ. ನಿಮ್ಮ ಕೇರಿಯೋರು ಇನ್ನ ಮೂರು ಜನ ಅವ್ರೆ. ಕೆಂಚಾ! ಏ ಕೆಂಚಾ! ಬಾ ಇಲ್ಲಿ."

ನಾಗವೇಣಿ ಬೇಡ ಎನ್ನಲಿಲ್ಲ. ಬೇಡ ಎನ್ನಲು ಬಾಯಿ ತೆರೆದಳು, ತೆರೆಯ ಅಂಚು ಹಳದಿಯಿಂದ ಕೇಸರಿಗೆ ತಿರುಗಿತ್ತು, ಬಾಯಿ ಮುಚ್ಚಿದಳು.

*

"ವೇಣಿ," ಎಂದ ಕೆಂಚಪ್ಪ. ಫೋನನ್ನು ಕಿವಿಗೆ ತೀರಾ ಒತ್ತಿ ಹಿಡಿಯುವುದು ಅವನ ಅಭ್ಯಾಸ. ಉಸಿರು ದೊಡ್ಡದಾಗಿ ಕೇಳಿಸುತ್ತಿತ್ತು.

"ಕೇಳಿಸ್ಕಂಡ್ಯಾ ಅಪ್ಪಾ?"

"ಕೇಳಿಸ್ಕಂಡೆ. ನಾನು ಹೋಗಲ್ಲ."

"ಅಪ್ಪಾ..."

"ಎಲೆ ಹಾಕಿದ್ರು. ಕೂತಿದ್ದೆ. ಒಂದು ಕಡೆ ಕರೇಕಲ್ಲಿನ ಮೇಷ್ಟ್ರು, ಇನ್ನೊಂದು ಕಡೆ ಯಾರೋ ಅಂಕಲಹಟ್ಟಿಯೋರು. ಉಪ್ಪು ಬಡಿಸಿದ್ರು. ಅಷ್ಟೊತ್ಗೆ ಎಬ್ಬಿಸಿದ್ರು."

ಹೋಗು ಎಂದರೆ ಅದು ಪಾಲಾಕ್ಷಪ್ಪನ ಮಾತೇ. ಹೋಗಬೇಡ ಎಂದರೆ ಎಂಟುನೂರು ಜನ. ಆ ಎಂಟುನೂರರಲ್ಲಿ ಅಪ್ಪನೂ ಒಬ್ಬ.

"ನೀನೂ ಹಳ್ಳದಾಗೇ ಇದೀಯ ಅಪ್ಪಾ."

"ಗೊತ್ತೈತೆ."

"ಕೂಸುಗಳು ಅವೆ."

ಕೂಸಿನ ಮಾತು ಎತ್ತಬಾರದಿತ್ತು ಎಂದು ಅವಳಿಗೆ ಆಡಿದ ಮೇಲೆ ಅನ್ನಿಸಿತು. ಉಸಿರು ಕೇಳಿಸುತ್ತಲೇ ಇತ್ತು. ಆಮೇಲೆ ಅವನು ಫೋನನ್ನು ಕಿವಿಯಿಂದ ತೆಗೆದಿರಬೇಕು, ಮಾತು ದೂರದಿಂದ ಬಂತು.

"ಗೌಡ್ರೇ, ನಾನು ಹೋಗ್ತೀನಿ. ಇನ್ನ ಮೂರು ಜನ ಬೇಕಂತೆ. ನಮ್ಮ ಕೇರಿಯೋರು ಎಲೆ ಮುಂದೆ ಕೂತವ್ರೆ, ಅವ್ರನ್ನ ಏಳಿಸ್ಬ್ಯಾಡಿ. ನೀವು ಬರ್ರಿ."

"ನಾನಾ?"

"ನಿಮ್ಮ ತಮ್ಮನೂ ಬರ್ಲಿ. ಪೂಜಾರಪ್ಪ ಬರ್ಲಿ. ತಾಯಿ ಎದುರಾದ್ರೆ ಮಾತಾಡೋಕೆ ಬಲ್ಲೋರು ಒಬ್ರು ಬೇಕಲ್ಲ."

"ನಾನು ಮಡೀಲಿದೀನಿ!" ಎಂದು ಇನ್ನೊಂದು ದನಿ ಚೀರಿತು. ಪೂಜಾರಿಯದೇ ಇರಬೇಕು. "ಒಳಗೆ ಕಾಲಿಟ್ರೆ ರಕ್ತ ಕಾರ್ಕಂಡು ಸಾಯ್ತೀವಿ!"

"ನಾನು ಇಷ್ಟ್ ವರ್ಷ ಕೂತಿಲ್ವಾ ಪೂಜಾರಪ್ಪಾ? ನಂಗೆ ಆವಾಗ ಯಾರೂ ಈ ಮಾತು ಹೇಳ್ಲಿಲ್ಲ."

"ಕೆಂಚಾ, ಇದು ಜಗಳ ಮಾಡೋ ಹೊತ್ತಲ್ಲ ಕಣೋ," ಎಂದ ಪಾಲಾಕ್ಷಪ್ಪ.

"ಜಗಳ ಯಾರು ಮಾಡಿದ್ರು? ನಡೀರಿ ಅಂದೆ."

ಫೋನು ಕಡಿದುಹೋಯಿತು.

*

ತೆರೆ ಖಾಲಿಯಾಗಿಯೇ ಇತ್ತು. ನಾಗವೇಣಿ ಎದ್ದು ನಿಂತಳು. ಕೂತಳು. ಮತ್ತೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಕೋಣೆಯ ಕೆಳಗೆಲ್ಲೋ ಮೋಟಾರುಗಳು ಗುಂಯ್‌ಗುಟ್ಟತೊಡಗಿದವು. ಅಗುಳಿ ಸರಿಯುವ ಸದ್ದು ನೆಲದ ಮೂಲಕ ಅಂಗಾಲಿಗೆ ಬಂತು. ತೆರೆಯ ಅಂಚು ಕೆಂಪಾಯಿತು. ಮೂರನೇ ಮಾಪಕ ಇನ್ನೂ ಏರುತ್ತಲೇ ಇತ್ತು. ಬೆಳ್ಳಕ್ಕಿ ಎದ್ದು ಹೋಗಿತ್ತು. ಮೋಟಾರಿನ ಸದ್ದಿಗೆ ಹೋಯಿತೋ, ಬೇರೆ ಯಾತಕ್ಕೋ.

ಬಸರಿಕಟ್ಟೆಯ ಊರಬಾಗಿಲಲ್ಲಿ ಒಂದು ಚುಕ್ಕಿ ಹುಟ್ಟಿತು.

ಎಡಗಾಲು ಎಳೆದು ಹಾಕುವ ನಡಿಗೆ. ಪಕ್ಕದಲ್ಲಿ ಯಂತ್ರ ಹೆಸರು ಬರೆಯುವ ಮೊದಲೇ ಅದು ಅಪ್ಪ ಎಂದು ಅವಳಿಗೆ ಗೊತ್ತಾಗಿತ್ತು. ಚುಕ್ಕಿ ನಿಂತಿತು. ಮುಳ್ಳು ಎಳೆದು ಬದಿಗೆ ಹಾಕುತ್ತಿದ್ದಾನೆ. ಅದರ ಹಿಂದೆ ಇನ್ನೊಂದು ಚುಕ್ಕಿ ಬಂತು. ಪಾಲಾಕ್ಷಪ್ಪ. ಭಾರವಾದ ಹೆಜ್ಜೆ, ಎಡವುತ್ತಿತ್ತು. ಆಮೇಲೆ ಅವನ ತಮ್ಮ. ಮೂರು ಚುಕ್ಕಿಗಳೂ ಒಳಗೆ ಸ್ವಲ್ಪ ದೂರ ನಡೆದು ನಿಂತವು.

ಮೂರೇ.

ಯಂತ್ರ ಬಸರಿಕಟ್ಟೆಯನ್ನು ಇನ್ನೂ ಖಾಲಿ ಎಂದೇ ತೋರಿಸುತ್ತಿತ್ತು. ಎಡಗಾಲಿನ ಚುಕ್ಕಿ ಒಂದೇ ತಿರುಗಿ ಊರಬಾಗಿಲ ಕಡೆ ಹೋಯಿತು. ಅಷ್ಟರಲ್ಲಿ ಕಿಟಕಿಯಾಚೆ ದೊಡ್ಡ ಎತ್ತೊಂದು ಕೆಮ್ಮಿದ ಹಾಗೆ ಸದ್ದಾಯಿತು. ಕೋಡಿಯ ಮೊದಲ ಬಾಗಿಲು ಗೇಣೆತ್ತರ ಎದ್ದಿತು. ಕೆಂಪು ನೀರು ಅದರ ಕೆಳಗಿನಿಂದ ಚಾಪೆ ಬಿಚ್ಚಿದ ಹಾಗೆ ಹಳ್ಳಕ್ಕೆ ಇಳಿಯತೊಡಗಿತು.

"ಅಪ್ಪಾ," ಎಂದಳು ನಾಗವೇಣಿ, ಕೇಳುವವರು ಯಾರೂ ಇಲ್ಲದ ಕೋಣೆಯಲ್ಲಿ.

ಊರಬಾಗಿಲಲ್ಲಿ ನಾಲ್ಕನೇ ಚುಕ್ಕಿ ಮಿಣುಕಿತು, ಆರಿತು. ಮತ್ತೆ ಮಿಣುಕಿತು. ಅದು ಎರಡು ಹೆಜ್ಜೆ ಮುಂದೆ ಬಂದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಎಡಗಾಲಿನ ಚುಕ್ಕಿ ಅದಕ್ಕೆ ತೀರಾ ಅಂಟಿಕೊಂಡಿತ್ತು. ಬರುತ್ತಿದ್ದುದು ನಡಿಗೆಯಲ್ಲ, ಎಳೆದಾಟದ ಅದುರು. ಕೊನೆಗೆ ಎರಡೂ ಒಟ್ಟಿಗೆ ಮುಳ್ಳು ದಾಟಿ ಒಳಗೆ ಬಿದ್ದವು. ಯಂತ್ರ ಒಂದು ಗಳಿಗೆ ತಡೆದು ಹೆಸರು ಬರೆಯಿತು: ಓಂಕಾರಪ್ಪ.

ಬಸರಿಕಟ್ಟೆ ಹಸಿರಾಯಿತು.

ಮೋಟಾರಿನ ಸದ್ದು ನಿಂತಿತು. ಬಾಗಿಲು ಗೇಣೆತ್ತರ ಎದ್ದಲ್ಲೇ ಒಂದಷ್ಟು ಹೊತ್ತು ನಿಂತಿದ್ದು, ಆಮೇಲೆ ಕಿರುಗುಟ್ಟುತ್ತಾ ಇಳಿಯಿತು.

ಇಳಿದು ಹೋದ ನೀರು ಹಳ್ಳ ಮುಟ್ಟುವಾಗ ಮೊಣಕಾಲಿಗೂ ಬರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಒಲೆಗಳೆಲ್ಲ ಆರಿದವು. ಹಾಕಿದ್ದ ಎಲೆಗಳು ಉಪ್ಪಿನ ಸಮೇತ ತೇಲಿ ಹೋದವು. ಎರಡು ಕುರಿ ಹೋದವು. ತುಪ್ಪದಕುಂಟೆಯ ಹೆಂಗಸೊಬ್ಬಳು ದಾರಿಯಲ್ಲಿ ಬಿದ್ದು ಕೈ ಮುರಿದುಕೊಂಡಳು. ಮಾಪಕದ ತಂತಿಯನ್ನು ಹೆಗ್ಗಣವೇ ಕಡಿದಿತ್ತು ಎಂಬುದು ಮಾರನೆಯ ದಿನ ತಿಳಿಯಿತು. ಅವತ್ತು ನಾಗವೇಣಿಗೆ ಇದೊಂದೂ ಗೊತ್ತಿರಲಿಲ್ಲ. ಮಾಪಕ ನೋಡುತ್ತಾ, ತೆರೆ ನೋಡುತ್ತಾ ಕೂತಿದ್ದಳು. ಒಳಗಿದ್ದ ನಾಲ್ವರಲ್ಲಿ ಒಬ್ಬರು ಹೊರಗೆ ಬಂದರೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೆಬ್ಬೆರಳು ಒತ್ತಿಸಿ ಯಂತ್ರವನ್ನು ಮಲಗಿಸೋಣವೆಂದರೆ ಬಸರಿಕಟ್ಟೆಯ ಸದಸ್ಯ ಪಾಲಾಕ್ಷಪ್ಪನೇ. ಅವನ ಹೆಬ್ಬೆರಳು ಊರೊಳಗಿತ್ತು. ಬೇರೆ ನಾಲ್ವರು ಒಳಗೆ ಹೋದರೆ ಇವರು ಹೊರಗೆ ಬರಬಹುದು ಎಂದು ಹಳ್ಳದವರಿಗೆ ಹೇಳಿ ನೋಡಿದಳು. ಎಂಟುನೂರು ಜನರಲ್ಲಿ ನಾಲ್ವರು ಸಿಗಲಿಲ್ಲ.

ನಾಲ್ಕು ಚುಕ್ಕಿಗಳು ದೊಡ್ಡ ಬೀದಿ ಬಿಟ್ಟು, ಮಾರಮ್ಮನ ಗುಡಿ ಬಿಟ್ಟು, ಊರ ತುದಿಯ ಕೇರಿಗೆ ಹೋಗಿ ಒಂದು ಮನೆಯಲ್ಲಿ ನಿಂತವು. ಅದು ಅವಳ ಮನೆ.

ಫೋನು ಬಂತು.

"ಮನೇಗೆ ಕರ್ಕಂಡು ಹೋದ್ಯಾ ಅಪ್ಪಾ?"

"ಮತ್ತೆಲ್ಲಿಗೆ ಹೋಗೋದು? ಎಲ್ಲ ಮನೆಗೂ ಬೀಗ. ಗೌಡ್ರ ಬೀಗದ ಕೈ ಅವ್ರ ಹೆಂಡ್ರ ಸೊಂಟದಾಗೈತಂತೆ. ನಂದೇ ನನ್ ತಾವ ಇತ್ತು."

"ಹೊರಗೆ ಕೂತವ್ರಾ?"

"ಹೊರಗೆ ಎಲ್ಲಿ ಕೂರ್ತಾರೆ? ಒಳಗೇ ನುಗ್ಗಿ ಗೋಡೆಗೆ ಒರಗವ್ರೆ. ಗಾಳಿಗೆ ಬಾಗಿಲು ಅಲ್ಲಾಡಿದ್ರೆ ಮೂರು ಜನಾನೂ ಎದ್ದು ನಿಲ್ತಾರೆ. ಪೂಜಾರಪ್ಪಂಗೆ ಬಾಯಿ ಒಣಗಿತ್ತು. ನೀರು ಕೊಟ್ಟೆ, ಕುಡಿದ."

"ನೀನು?"

"ನಂಗೇನು. ರೂಢಿ ಐತೆ ಅಂದ್ರಲ್ಲ." ಹಿಂದೆ ಯಾರೋ ತಗ್ಗಿದ ದನಿಯಲ್ಲಿ ಏನೋ ಕೇಳಿದರು. "ವೇಣಿ, ಹೊತ್ತು ಮುಳುಗೋಕೆ ಇನ್ನ ಎಷ್ಟೊತ್ತೈತೆ ಅಂತ ಗೌಡ್ರು ಕೇಳ್ತಾ ಅವ್ರೆ."

ನಾಗವೇಣಿ ಕಿಟಕಿಯತ್ತ ನೋಡಿದಳು. ಏರಿಯ ಮೇಲಿನ ಕಲ್ಲುಗಳಿಗೆ ಇನ್ನೂ ನೆರಳೇ ಹುಟ್ಟಿರಲಿಲ್ಲ.

"ಬಾಳ ಹೊತ್ತೈತೆ ಅಂತ ಹೇಳು," ಎಂದಳು.